ಹಳೇ ಕಾರಿನ ಟರ್ಬೊ

ಟರ್ಬೊ ಮಾತು ಆ ಮನೆಯಲ್ಲಿ ಮೊದಲ ಸಲ ಎದ್ದದ್ದು ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಕೂತಾಗ. ಊಟ ಮುಗಿಯುವಷ್ಟರಲ್ಲಿ ಮಗನ ಹುಬ್ಬು ಒಡೆದು ರಕ್ತ ಅನ್ನದ ತಟ್ಟೆಗೆ ತೊಟ್ಟಿಕ್ಕಿತ್ತು.

ಗ್ಯಾರೇಜಿನ ಮೇಲೆಯೇ ಮನೆ. ಕೆಳಗೆ ಎರಡು ಗಾಡಿ ನಿಲ್ಲುವಷ್ಟು ಜಾಗ, ನಡುವೆ ಗಾಡಿಯ ಅಡಿಗಿಳಿದು ಕೆಲಸ ಮಾಡಲು ಒಂದು ಗುಂಡಿ, ರಸ್ತೆಗೆ ಕಬ್ಬಿಣದ ಶಟರು. ಮೇಲೆ ಮೂರು ಕೋಣೆ, ಒಂದು ಅಡುಗೆಮನೆ. ಏನು ಬೇಯಿಸಿದರೂ ಅದಕ್ಕೊಂದಿಷ್ಟು ಡೀಸೆಲ್ ವಾಸನೆ ಬಂದು ಸೇರಿಕೊಳ್ಳುತ್ತಿತ್ತು. ಯಜಮಾನನನ್ನು ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಅರವತ್ತಕ್ಕೆ ಎರಡು ವರ್ಷ ಕಮ್ಮಿ. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಯಾವ ವಾಲ್ವು ಸವೆದಿದೆ ಎಂದು ಹೇಳಬಲ್ಲ ಆಳು. ಆದರೆ ಬಾಯಿಗಿಂತ ಕೈ ಮುಂದು. ಮಕ್ಕಳಿಬ್ಬರೂ ಬೆಳೆದದ್ದೇ ಫ್ಯಾನ್ ಬೆಲ್ಟಿನ ಏಟು ತಿಂದು. ಹೆಂಡತಿ ಎಷ್ಟು ತಿಂದಿದ್ದಳೋ ಅವಳಿಗೇ ಲೆಕ್ಕ ತಪ್ಪಿತ್ತು.

"ಗುಡ್ಡದ ಮೇಲಿನ ಕಲ್ಲುಗಣಿ ಆಸ್ಪತ್ರೆಯವರು ಒಂದು ಕಾರು ಹುಡುಕ್ತಿದಾರೆ," ಎಂದು ಮಗ ಅನ್ನ ಕಲಸುತ್ತ ಶುರುಮಾಡಿದ್ದ. ಅವನು ಬಾಡಿಗೆ ಕಾರು ಓಡಿಸುತ್ತಿದ್ದ, ಕಾರು ಅಪ್ಪನದು. "ಎರಡು ವರ್ಷದ ಕೆಲಸ. ಕೆಳಗಿನಿಂದ ರಕ್ತದ ಬಾಟಲಿ, ಡಾಕ್ಟರು ಮೇಲಕ್ಕೆ, ಏಟು ಬಿದ್ದ ಗಣಿಯೋರು ಕೆಳಕ್ಕೆ. ನಾಲ್ಕು ಜನ ಕೂತು ಇಪ್ಪತ್ತೈದು ನಿಮಿಷದಲ್ಲಿ ಗುಡ್ಡ ಹತ್ತಬೇಕಂತೆ. ಮುಂದಿನ ತಿಂಗಳು ಡಾಕ್ಟರಮ್ಮ ತಾನೇ ಕೂತು ನೋಡ್ತಾರಂತೆ."

"ಹತ್ತಿಸು. ಬೇಡ ಅಂದೋರ್ಯಾರು?" ಎಂದ ಮೇಸ್ತ್ರಿ.

"ನಮ್ಮ ಗಾಡೀಲಾ? ನಲವತ್ತು ನಿಮಿಷ ಬೇಕು. ಅದೂ ಅರ್ಧ ದಾರೀಲಿ ನಿಲ್ಲಿಸಿ ರೇಡಿಯೇಟರಿಗೆ ನೀರು ಕುಡಿಸಿದ್ರೆ. ಬೇರೆ ಕಾರು ತಗೋಬೇಕಪ್ಪ. ಭಾವನ ಹತ್ರ ಒಂದಿದೆ, ಎರಡೇ ವರ್ಷದ್ದು, ಗಾಳಿ ಹಾಗೆ ಹೋಗುತ್ತೆ."

ಭಾವ ಅಂದರೆ ಸೊಸೆಯ ಅಣ್ಣ. ಟೈರ್ ಅಂಗಡಿ ಇಟ್ಟು ಮೇಲೆ ಬಂದವನು. ಮೇಸ್ತ್ರಿ ಅವನನ್ನು ಟೈರ್ ಸಾಹುಕಾರ ಎಂದೇ ಕರೆಯುತ್ತಿದ್ದ, ಅದೂ ಉಗುಳುವ ಹಾಗೆ.

"ಕೈಲಾಗದೋರು ಕಾರು ಬದಲಾಯಿಸ್ತಾರೆ," ಎಂದ ಮೇಸ್ತ್ರಿ. "ಇದಕ್ಕೇ ನಾನು ಟರ್ಬೊ ಹಾಕ್ತೀನಿ."

ಮಗನಿಗೆ ನಗು ತಡೆಯಲಾಗಲಿಲ್ಲ. "ಹದಿನಾಲ್ಕು ವರ್ಷದ ಗಾಡಿ ಅಪ್ಪ! ತಾತನಿಗೆ ಓಟದ ಬೂಟು ತೊಡಿಸಿದ ಹಾಗಾಗುತ್ತೆ."

ಮಗಳೂ ಕಿಸಕ್ಕೆಂದಳು. ಸೊಸೆ ತುಟಿ ಕಚ್ಚಿಕೊಂಡಳು. ಅಷ್ಟೇ. ನೀರು ತುಂಬಿದ ಸ್ಟೀಲ್ ಲೋಟ ಹಾರಿಬಂದು ಮಗನ ಹುಬ್ಬಿಗೆ ಅಂಚು ತಾಗಿ ಬಡಿಯಿತು.

ತಾಯಿ ಎದ್ದಳು. ಬಟ್ಟೆ ಒದ್ದೆ ಮಾಡಿ ಮಗನ ಹಣೆಗೆ ಒತ್ತಿ ಹಿಡಿದಳು. ಬಟ್ಟೆಯನ್ನು ಅವನ ಕೈಗೇ ಕೊಟ್ಟು, ತಟ್ಟೆ ಎತ್ತಿಕೊಂಡು ಹೋಗಿ ಬೇರೆ ತಟ್ಟೆಗೆ ಅನ್ನ ಹಾಕಿಕೊಂಡು ಬಂದಳು. ಮೇಸ್ತ್ರಿ ಊಟ ಮುಂದುವರಿಸಿದ. "ಉಪ್ಪು ಕಮ್ಮಿಯಾಗಿದೆ," ಎಂದ.

ಮೂರು ಹೊಲಿಗೆ ಬಿತ್ತು. ಮೂರನೇ ದಿನ ಮೇಸ್ತ್ರಿ ಗುಜರಿಯಿಂದ ಟರ್ಬೊ ತಂದ. ಜಜ್ಜಿಹೋದ ಒಂದು ವ್ಯಾನಿನಿಂದ ಬಿಚ್ಚಿದ್ದು, ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡ ಎರಡು ಲೋಹದ ಗೂಡು. ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ಕಿವಿಗೆ ಹಿಡಿದು ಕೇಳಿದ. ಮುಖ ಅರಳಿತು.

ಮಗಳನ್ನು ಕರೆದು ತೋರಿಸಿದ. ಅವಳಿಗೆ ಇಪ್ಪತ್ತಾರು. ಗುಡ್ಡದ ಮೇಲೆ ಗಣಿಯ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್ ಶಾಪಿನಲ್ಲಿ ಅವಳಿಗೆ ಕೆಲಸ. ಬೆಳಿಗ್ಗೆ ಗಣಿಯ ಬಸ್ಸು ಹತ್ತಿ ಹೋದರೆ ಬರುವುದು ಸಂಜೆಗೆ. ಕೂದಲ ಎಳೆಯಷ್ಟು ವ್ಯತ್ಯಾಸ ಬಂದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಅದನ್ನು ಅಪ್ಪ ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಕಷ್ಟದ ಕೆಲಸ ಬಂದಾಗೆಲ್ಲ ಅವಳನ್ನೇ ಕೂಗುತ್ತಿದ್ದ.

"ಸೂಪರ್‌ಚಾರ್ಜರ್ ಹಾಕಿದ್ರೆ ಸುಲಭ ಅಲ್ವಾ?" ಎಂದಳು.

"ಅದು ಬೆಲ್ಟಿನಿಂದ ತಿರುಗೋದು. ಎಂಜಿನ್ನಿನ ರಕ್ತಾನೇ ಕುಡಿದು ಎಂಜಿನ್ನಿಗೆ ಬಡಿಸುತ್ತೆ. ಇದು ಹೊಗೆಯಿಂದ ತಿರುಗುತ್ತೆ. ಹೊರಗೆ ಬಿಸಾಕೋ ಹೊಗೆ! ಅದೇ ಒಳಗೆ ಗಾಳಿ ತುಂಬುತ್ತೆ. ಪುಕ್ಕಟೆ ಶಕ್ತಿ."

"ಸರಿ. ಒತ್ತಡ ತಡೆಯೋ ಹಾಗೆ ಹೆಡ್ ಗ್ಯಾಸ್ಕೆಟ್ ದಪ್ಪದ್ದು ಹಾಕಿ. ಗಾಳಿ ಒತ್ತಡ ಆರು ಪೌಂಡಿನ ಮೇಲೆ ಬೇಡ. ಅದಕ್ಕಿಂತ ಮೊದಲು ಬ್ರೇಕ್ ಕೆಲಸ ಮಾಡ್ಸಿ ಅಪ್ಪ. ಹತ್ತೋ ಗಾಡಿ ಇಳೀಲೂಬೇಕಲ್ವಾ."

"ನನಗೇ ಪಾಠ ಹೇಳ್ತೀಯಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಮರುದಿನದಿಂದ ಶಾಪಿನ ಕೆಲಸ ಮುಗಿದ ಮೇಲೆ ಒಂದೊಂದು ಗಂಟೆ ನಿಂತು ಹೊಗೆಕೊಳವೆ ಜೋಡಿಸುವ ಫ್ಲಾಂಜು, ಎಣ್ಣೆ ಕೊಳವೆಯ ತಿರುಪು ಎಲ್ಲ ತಾನೇ ಕಡೆದು ತಂದುಕೊಟ್ಟಳು. ಕೆಲಸ ಅವಳಿಗೆ ಇಷ್ಟವಿತ್ತು. ಅದೂ ಸುಳ್ಳಲ್ಲ.

ಎರಡು ವಾರ ಗ್ಯಾರೇಜಿನಲ್ಲಿ ಬೇರೆ ಗಾಡಿ ಒಳಗೆ ಬರಲಿಲ್ಲ. ಮಗ ಹೊಲಿಗೆ ಹಾಕಿದ ಹುಬ್ಬು ಹೊತ್ತು ಗುಂಡಿಯಲ್ಲಿ ಮಲಗಿ ಬೋಲ್ಟು ಬಿಗಿದ. ತಪ್ಪು ಸ್ಪ್ಯಾನರ್ ಕೊಟ್ಟರೆ ಅದೇ ಸ್ಪ್ಯಾನರ್ ಮೊಣಕಾಲಿಗೆ ಬೀಳುತ್ತಿತ್ತು. ತಾಯಿ ದಿನಕ್ಕೆ ಐದು ಸಲ ಚಹಾ ಇಳಿಸಿ, ಗ್ರೀಸ್ ಮೆತ್ತಿದ ಲೋಟ ಮೇಲೆ ಒಯ್ದು, ಬೂದಿಯಲ್ಲಿ ಉಜ್ಜಿದರೂ ಹೋಗದೆ ಸೋಪು ಹಾಕಿ ಕುದಿಸುತ್ತಿದ್ದಳು. ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರು, "ಏನಪ್ಪ, ನಿಮ್ಮ ಹೊಗೆಬಂಡಿಗೆ ರೆಕ್ಕೆ ಬಂತಾ?" ಎಂದು ಕೇಳಿದ. ಮಗ ಅವನ ಮುಖವನ್ನು ಅವನದೇ ಕಾರಿನ ಬಾಗಿಲಿಗೆ ಜಜ್ಜಿದ. ಹತ್ತು ದಿನ ಸ್ಟ್ಯಾಂಡಿನ ಹತ್ತಿರ ಸುಳಿಯಬಾರದು ಎಂದು ಉಳಿದವರು ತೀರ್ಮಾನ ಮಾಡಿದರು.

"ಅಪ್ಪನ ಮಗನೇ ಸರಿ," ಎಂದಳು ತಾಯಿ ಆ ಸುದ್ದಿ ಕೇಳಿ. ಹೊಗಳಿದ್ದೋ ತೆಗಳಿದ್ದೋ ಯಾರಿಗೂ ತಿಳಿಯಲಿಲ್ಲ.

ಅಂಥ ಒಂದು ದಿನ ಸೊಸೆ ಗಂಡನನ್ನು ಕರೆದುಕೊಂಡು ಅಣ್ಣನ ಮನೆಗೆ ಹೋದಳು. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ಮಾತು ಕಮ್ಮಿ. ಈ ಮನೆಗೆ ಬಂದು ಮೂರು ವರ್ಷವಾಗಿದ್ದರೂ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಬೆಚ್ಚಿಬೀಳುತ್ತಿದ್ದಳು.

ಟೈರ್ ಸಾಹುಕಾರ ಕಾರಿನ ಕೀ ಕೈಗೇ ಕೊಟ್ಟ. "ಒಂದು ಸುತ್ತು ಹೊಡ್ಕೊಂಡು ಬನ್ನಿ ಭಾವ."

ಗುಡ್ಡದ ಆರನೇ ತಿರುವಿನವರೆಗೆ ಹೋಗಿ ಬಂದ ಮಗನ ಮುಖ ಅರಳಿತ್ತು, ಹೆಂಡತಿ ಅದನ್ನು ಹಾಗೆ ಕಂಡದ್ದು ಮದುವೆಯ ದಿನ ಮಾತ್ರ. "ಕಾಲಿಟ್ಟರೆ ಸಾಕು ಕಣೇ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತೆ!"

"ತಗೊಂಡೇ ಹೋಗಿ," ಎಂದ ಟೈರ್ ಸಾಹುಕಾರ. "ದುಡ್ಡು ಕಾಸು ಏನೂ ಬೇಡ, ನಾವು ನೆಂಟರು. ನಿಮ್ಮ ಗ್ಯಾರೇಜಿನಲ್ಲಿ ರಸ್ತೆ ಕಡೆಯ ಅರ್ಧ ನನಗೆ ಬಿಟ್ಟುಕೊಡಿ. ಅಲ್ಲೊಂದು ಟೈರ್ ಅಂಗಡಿ ಹಾಕ್ತೀನಿ. ಮಾವನಿಗೂ ವಯಸ್ಸಾಯ್ತು, ಹಿಂದುಗಡೆ ಕೂತು ಏನೋ ರಿಪೇರಿ ಮಾಡ್ಕೊಂಡಿರಲಿ."

"ಅಪ್ಪನ್ನ ಕೇಳಬೇಕು."

"ನಿಮಗೆ ಮೂವತ್ತೊಂದಾಯ್ತಲ್ಲ ಭಾವ?" ಎಂದು ನಕ್ಕ ಟೈರ್ ಸಾಹುಕಾರ.

ಕೇಳುವ ಧೈರ್ಯ ಮಗನಿಗೆ ಬರಲಿಲ್ಲ. ಕೊನೆಗೆ ಬಾಯಿಬಿಟ್ಟವಳು ಸೊಸೆ. ಗುರುವಾರ ಬೆಳಿಗ್ಗೆ, ಮೊಟ್ಟೆ ಹುರಿದು ಮಾವನ ತಟ್ಟೆಗೆ ಹಾಕುತ್ತ, ತಲೆ ತಗ್ಗಿಸಿಯೇ ಹೇಳಿದಳು:

"ಮಾವ, ನಮ್ಮಣ್ಣ ಕಾರು ಕೊಡ್ತೀನಿ ಅಂತಿದಾನೆ. ಮುಂದಿನ ಅರ್ಧ ಜಾಗ ಬಿಟ್ಟುಕೊಟ್ರೆ ಸಾಕಂತೆ. ನೀವು ಸ್ವಲ್ಪ ಯೋಚನೆ..."

ಮೇಸ್ತ್ರಿ ಎದ್ದು ನಿಂತದ್ದು ಅವಳಿಗೆ ಕಾಣಲಿಲ್ಲ. ಹೊಡೆತಕ್ಕೆ ಅವಳು ಒಲೆಯ ಪಕ್ಕದ ಗೋಡೆಗೆ ಹೋಗಿ ಬಡಿದಳು. ಬಾಣಲೆ ಉರುಳಿ ಬಿಸಿ ಎಣ್ಣೆ ಪಾದದ ಮೇಲೆ ಚೆಲ್ಲಿತು. ಬೇರೆ ಮನೆಯ ಹೆಣ್ಣಿನ ಮೇಲೆ ಮೇಸ್ತ್ರಿ ಕೈಮಾಡಿದ್ದು ಅದೇ ಮೊದಲು. ಅವನಿಗೇ ಒಂದು ಗಳಿಗೆ ಏನೂ ತೋಚದಂತಾಯಿತು. ಆಮೇಲೆ ಕೂಗಿದ:

"ಜಾಗ ಮಾರ್ಕೊಂಡು ತಿನ್ನೋಕೆ ಬಂದೆಯಾ? ಹೇಳು ನಿಮ್ಮಣ್ಣನಿಗೆ, ನಾನಿನ್ನೂ ಸತ್ತಿಲ್ಲ ಅಂತ!"

ಮಗ ಬಾಗಿಲಲ್ಲೇ ನಿಂತಿದ್ದ. ಎಲ್ಲ ಅವನ ಕಣ್ಣೆದುರಿಗೇ ನಡೆದಿತ್ತು. ಸೊಸೆ ಅವನ ಮುಖ ನೋಡಿದಳು. ಅವನು ಅಪ್ಪನನ್ನು ದಾಟಿಕೊಂಡು ಬಂದ, ಹೆಂಡತಿಯ ತೋಳು ಹಿಡಿದ, ಕೋಣೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದ.

"ಯಾರು ಹೇಳು ಅಂದಿದ್ದು ನಿನಗೆ? ಯಾರು?" ಎಂಬ ಕೂಗು, ಅದರ ಹಿಂದೆಯೇ ಏಟಿನ ಸದ್ದು. ಒಂದಲ್ಲ, ನಾಲ್ಕು.

ಮಗಳು ಗಣಿಯ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟಿಕೊಂಡಿದ್ದವಳು ಹಿಂದಕ್ಕೆ ಬಂದು ಬಾಗಿಲಿಗೆ ಒದ್ದಳು. ಮೂರನೇ ಒದೆತಕ್ಕೆ ಚಿಲಕ ಕಿತ್ತುಬಂತು. "ಬಿಡೋ ಅವಳನ್ನ! ಅಪ್ಪನಿಗೆ ತಿರುಗಿಸಿ ಒಂದು ಮಾತು ಆಡೋಕಾಗದೆ ಇವಳ ಮೇಲೆ ಬರ್ತೀಯಾ? ಥೂ!"

"ನೀನ್ಯಾವಳೇ ಕೇಳೋಕೆ?" ಎಂದು ಅವಳ ಕೂದಲಿಗೂ ಕೈಹಾಕಿದ ಮಗ. ತಾಯಿ ಎಂದಿನಂತೆ ನಡುವೆ ತೂರಿ ಬಂದಳು. ಎಂದಿನಂತೆ ಅವಳಿಗೂ ಎರಡು ಬಿತ್ತು.

ಆ ದಿನ ಮಗಳು ಬಸ್ಸು ತಪ್ಪಿಸಿಕೊಂಡಳು. ಅತ್ತಿಗೆಯ ಪಾದವನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಡಿಸಿ ಪಕ್ಕದಲ್ಲೇ ನೆಲಕ್ಕೆ ಕೂತಳು.

"ಅಣ್ಣನ ಮನೆಗೆ ಹೋಗಿಬಿಡಿ ಅತ್ತಿಗೆ."

"ಅಲ್ಲಿ ನಮ್ಮಣ್ಣ ನಮ್ಮ ಅತ್ತಿಗೇನ ಹೊಡೀತಾನೆ," ಎಂದಳು ಸೊಸೆ. "ಅಲ್ಲಿ ಕಾರೊಂದು ಹೊಸದು, ಅಷ್ಟೇ."

ಇಬ್ಬರಿಗೂ ನಗು ಬಂತು. ಸೊಸೆಗೆ ತುಟಿ ಒಡೆದಿದ್ದರಿಂದ ನಗಲಾಗಲಿಲ್ಲ.

ಕಾರು ತಯಾರಾದದ್ದು ಡಾಕ್ಟರಮ್ಮನ ಪರೀಕ್ಷೆಗೆ ಐದು ದಿನ ಇರುವಾಗ. ಮೇಸ್ತ್ರಿ ಬೆಳಿಗ್ಗೆಯೇ ಮುಖಕ್ಷೌರ ಮಾಡಿಕೊಂಡು, ತೊಳೆದ ಅಂಗಿ ಹಾಕಿಕೊಂಡು ಎಲ್ಲರನ್ನೂ ಕೆಳಗೆ ಕರೆದ. "ಹತ್ತಿ, ನಾಲ್ಕೂ ಜನ. ತೂಕ ಬೇಕು."

ಆ ಒಂದು ಸವಾರಿಯನ್ನು ಯಾರೂ ಸುಳ್ಳು ಎನ್ನುವಂತಿರಲಿಲ್ಲ. ಮೊದಲ ತಿರುವು ದಾಟಿ ಏರು ಶುರುವಾಗುತ್ತಲೇ ಬಾನೆಟ್ಟಿನೊಳಗಿಂದ ಸಣ್ಣ ಸಿಳ್ಳೆಯೊಂದು ಎದ್ದಿತು. ಮೊದಲು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಗಾಡಿ ಮೂರನೇ ಗೇರಿನಲ್ಲಿ ಐದು ಜನರನ್ನು ಹೊತ್ತು ಚಿಮ್ಮಿತು. ಗಣಿಯ ಲಾರಿಗಳು ಒಂದಾದ ಮೇಲೊಂದು ಹಿಂದಕ್ಕೆ ಬಿದ್ದವು. ತಾಯಿ ಸೀಟಿನ ಅಂಚು ಹಿಡಿದು, "ಅಯ್ಯಯ್ಯೋ, ನಿಧಾನ!" ಎನ್ನುತ್ತಲೇ ನಗುತ್ತಿದ್ದಳು. ಸ್ಟೀರಿಂಗ್ ಹಿಡಿದಿದ್ದ ಮಗ, "ಅಪ್ಪ, ಎಳೀತು ಅಪ್ಪ!" ಎಂದು ಚಿಕ್ಕವನ ಹಾಗೆ ಕೂಗಿದ. ಇಪ್ಪತ್ತೆರಡು ನಿಮಿಷಕ್ಕೆ ಗುಡ್ಡದ ಮೇಲಿದ್ದರು.

"ಯಾರು ತಾತ ಈಗ? ಯಾರಿಗೆ ಬೂಟು?" ಎಂದು ಮೇಸ್ತ್ರಿ ಮಗನ ಬೆನ್ನಿಗೆ ಗುದ್ದಿದ. ಪ್ರೀತಿಯ ಗುದ್ದೇ. ಆದರೂ ಮಗನಿಗೆ ಉಸಿರು ಕಟ್ಟಿತು.

ಇಳಿಯುವಾಗ ಮೇಲಿನಿಂದ ಎಂಟನೇ ತಿರುವಿನ ಹತ್ತಿರ ಸುಟ್ಟ ವಾಸನೆ ಬಂತು. ಮಗಳು ಮೂಗು ಮುಚ್ಚಿಕೊಂಡಳು. "ಬ್ರೇಕ್. ನಾನು ಹೇಳಿದ್ದೆ."

"ಇವನು ಕಾಲಿಡೋದು ಜಾಸ್ತಿ," ಎಂದ ಮೇಸ್ತ್ರಿ.

ಮನೆಗೆ ಬಂದವನೇ ಇನ್ನೂ ಮೂರು ನಿಮಿಷ ಉಳಿಸುತ್ತೇನೆ ಎಂದು ಟರ್ಬೊ ಪಕ್ಕದ ಕಡ್ಡಿ ಬಿಗಿದು ಒತ್ತಡವನ್ನು ಆರರಿಂದ ಹತ್ತಕ್ಕೆ ಏರಿಸಿದ. ಬ್ರೇಕಿನ ತಂಟೆಗೆ ಹೋಗಲಿಲ್ಲ.

ಪರೀಕ್ಷೆಯ ದಿನ ಸೋಮವಾರ. ಆಸ್ಪತ್ರೆಯ ಡಾಕ್ಟರಮ್ಮ ಐವತ್ತರ ಆಸುಪಾಸಿನ ಹೆಂಗಸು, ಗಣಿಯ ಧೂಳಿಗೆ ಬಣ್ಣ ಕಳೆದುಕೊಂಡ ಬೂಟು ಹಾಕಿದ್ದಳು. ಈಗ ತಾನೇ ಪೈಪೋಟಿಗೆ ಇಳಿದಿದ್ದ ಟೈರ್ ಸಾಹುಕಾರನ ಕಾರಿನಲ್ಲಿ ಬೆಳಿಗ್ಗೆ ಒಂದು ಸಲ ಹತ್ತಿ ಇಳಿದು ಬಂದಿದ್ದಳು. ಗಡಿಯಾರ ನೋಡಿ ಏನೋ ಬರೆದುಕೊಂಡು ಈ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಆಳುಗಳೊಂದಿಗೆ ಕೂತಳು. ಮಗ ಸ್ಟೀರಿಂಗಿಗೆ. ಪಕ್ಕದಲ್ಲಿ, ಯಾರೂ ಕರೆಯದಿದ್ದರೂ, ಮೇಸ್ತ್ರಿ.

ಹತ್ತೊಂಬತ್ತು ನಿಮಿಷ. ಡಾಕ್ಟರಮ್ಮ ಗಡಿಯಾರವನ್ನು ಎರಡು ಸಲ ನೋಡಿದಳು. "ಆ ಹೊಸ ಕಾರಿಗಿಂತ ಎರಡು ನಿಮಿಷ ಮುಂಚೆ," ಎಂದಳು. ಮೇಸ್ತ್ರಿ ಹಿಂದಕ್ಕೆ ತಿರುಗಿ ಕೂತು ಟರ್ಬೊ ಪುರಾಣ ಬಿಚ್ಚಿದ. ಗುಜರಿಯಿಂದ ತಂದದ್ದು, ಕಡೆದದ್ದು, ಕೂರಿಸಿದ್ದು, ಎಲ್ಲ ತಾನೇ ಎಂದ. ಮಗಳ ಹೆಸರು ಬರಲಿಲ್ಲ, ಗುಂಡಿಯಲ್ಲಿ ಮಲಗಿದ್ದ ಮಗನದೂ ಬರಲಿಲ್ಲ. "ಇವನು ಬರೀ ಸ್ಟೀರಿಂಗ್ ಹಿಡಿಯೋನು ಅಮ್ಮ. ಕತ್ತೇನ ಕೂರಿಸಿದ್ರೂ ಈ ಕಾರು ಹತ್ತುತ್ತೆ."

ಮಗನ ಕುತ್ತಿಗೆ ಕೆಂಪಾಯಿತು.

ಇಳಿಯುವಾಗ ಅವನು ಬೇಕೆಂದೇ ಬೇಗ ಬಿಟ್ಟ. ನಾಲ್ಕನೇ ತಿರುವಿನಲ್ಲಿ ಬ್ರೇಕ್ ಪೆಡಲು ಮೆತ್ತಗಾಯಿತು. ಐದರಲ್ಲಿ ಅರ್ಧಕ್ಕೆ ಇಳಿಯಿತು. ಹೆದರಿ ಗೇರ್ ಇಳಿಸಿದ. ಕಾರು ಮುಗ್ಗರಿಸಿ ಎಂಜಿನ್ನು ಕಿರುಚಿತು.

"ಎಂಜಿನ್ ಕೊಲ್ತೀಯೇನೋ!" ಎಂದು ಮೇಸ್ತ್ರಿ ಅವನ ಕಿವಿಯ ಮೇಲೆ ಅಂಗೈ ಬೀಸಿ ಬಾರಿಸಿದ.

ಕಾರು ಅಡ್ಡಾದಿಡ್ಡಿ ತಿರುಗಿತು. ರಸ್ತೆಯ ಅಂಚಿನ ಕಲ್ಲಿಗೆ ಹಿಂದಿನ ಚಕ್ರ ಉಜ್ಜಿತು. ಅದರಾಚೆ ಪ್ರಪಾತ. ಒಬ್ಬ ಆಳು ಡಾಕ್ಟರಮ್ಮನ ಮೇಲೆ ಉರುಳಿದ. ಮಗ ಹ್ಯಾಂಡ್ ಬ್ರೇಕ್ ಎಳೆದು ಹೇಗೋ ಗುಡ್ಡದ ಕಡೆಯ ಮಣ್ಣಿಗೆ ಮೂತಿ ಕೊಟ್ಟು ನಿಲ್ಲಿಸಿದ.

ಡಾಕ್ಟರಮ್ಮ ಬಾಗಿಲು ತೆಗೆದು ಇಳಿದಳು.

"ಕಾರು ಚೆನ್ನಾಗಿದೆ," ಎಂದಳು. "ಬ್ರೇಕು ಸರಿಮಾಡಿಸಿ ಬನ್ನಿ ಅಂತ ಹೇಳ್ತಿದ್ದೆ. ಆದರೆ ಗುಡ್ಡ ಇಳಿಸ್ತಾ ಇರೋನ ಕಿವಿಗೆ ಹೊಡೆಯೋರ ಜೊತೆ ನನ್ನ ರೋಗಿಗಳನ್ನ ಕಳಿಸಲ್ಲ."

ಬಂದ ಗಣಿಯ ಲಾರಿಗೆ ಕೈ ಅಡ್ಡ ಹಿಡಿದು, ಆಳುಗಳನ್ನು ಹತ್ತಿಸಿಕೊಂಡು ಹೊರಟುಹೋದಳು.

ಬ್ರೇಕು ಆರಿದ ಮೇಲೆ ಅಪ್ಪ ಮಗ ಒಂದನೇ ಗೇರಿನಲ್ಲಿ ಕೆಳಗಿಳಿದರು. ಗ್ಯಾರೇಜಿನ ಎದುರು ರಸ್ತೆ ಪಕ್ಕ ಕಾರು ನಿಲ್ಲಿಸಿ ಒಳಗೆ ಬಂದರು. ಅಂದು ಕೆಲಸಕ್ಕೆ ರಜೆ ಹಾಕಿ ಕಾಯುತ್ತಿದ್ದ ಮಗಳಿಗೂ ಸೊಸೆಗೂ ಮುಖ ನೋಡಿಯೇ ತಿಳಿಯಿತು.

"ನಿನ್ನಿಂದ ಹೋಯ್ತು," ಎಂದ ಮೇಸ್ತ್ರಿ, ಮಗನ ಕಡೆ ತಿರುಗದೆ.

"ನನ್ನಿಂದಲಾ?"

"ಓಡಿಸೋಕೆ ಬರದ ನಾಯಿ."

ಮಗ ಹುಟ್ಟಿದಾಗಿನಿಂದ ಅಪ್ಪನನ್ನು ಬಹುವಚನದಲ್ಲಿ ಮಾತಾಡಿಸಿದವನು. ಈಗ ಅದು ಉದುರಿಹೋಯಿತು. "ನೀನು ಹೊಡೆದೆ. ಡಾಕ್ಟರಮ್ಮ ನೋಡಿದ್ಲು. ನೀನು ಹೊಡೆದಿದ್ದಕ್ಕೆ ಹೋಯ್ತು ಕಣೋ ಮುದುಕ!"

ಮೇಸ್ತ್ರಿಯ ಕೈ ಎದ್ದಿತು. ಮಗ ಅದನ್ನು ಗಾಳಿಯಲ್ಲೇ ಹಿಡಿದ. ಇನ್ನೊಂದು ಕೈಯಿಂದ ಅಪ್ಪನ ಮೂಗಿಗೆ ಗುದ್ದಿದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಮೂಳೆ ಲಟಕ್ಕೆಂದ ಸದ್ದು ಎಲ್ಲರಿಗೂ ಕೇಳಿಸಿತು. ಮೇಸ್ತ್ರಿ ಬೆಂಚಿನ ಮೇಲೆ ಬಿದ್ದು, ಏಳುತ್ತ ಕೈಗೆ ಸಿಕ್ಕ ಚಕ್ರದ ಸ್ಪ್ಯಾನರ್ ತೆಗೆದು ಮಗನ ಪಕ್ಕೆಗೆ ಬೀಸಿದ. ಡಬ್ಬಿಗಳು ಉರುಳಿದವು. ನಟ್ಟು ಬೋಲ್ಟು ನೆಲದ ತುಂಬ ಚೆಲ್ಲಾಡಿದವು.

ಸದ್ದು ಕೇಳಿ ತಾಯಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದು ಬಂದಳು. "ಬಿಡ್ರೋ, ಬಿಡ್ರೋ," ಎನ್ನುತ್ತ ನಡುವೆ ನುಗ್ಗಿದಳು. ಯಾರ ಮೊಣಕೈಯೋ ಅವಳ ಬಾಯಿಗೆ ಬಡಿಯಿತು. ಅವಳು ಕಂಬಕ್ಕೆ ಆತುಕೊಂಡಳು. ಅಂಗೈಗೆ ಉಗುಳಿದಳು. ರಕ್ತದಲ್ಲಿ ಮುಂದಿನ ಹಲ್ಲೊಂದು. ಅದನ್ನು ನೋಡಿದಳು. ಗಂಡಸರಿಬ್ಬರೂ ನೋಡಲಿಲ್ಲ, ಅವರು ಗುಂಡಿಯ ಅಂಚಿನಲ್ಲಿ ಒಬ್ಬರ ಕುತ್ತಿಗೆ ಒಬ್ಬರು ಹಿಡಿದಿದ್ದರು.

ತಾಯಿ ಹೊರಗೆ ನಡೆದಳು. ಮಗಳನ್ನೂ ಸೊಸೆಯನ್ನೂ ತೋಳು ಹಿಡಿದು ಹೊರಗೆ ಎಳೆದಳು. ಮೆಟ್ಟಿಲಿಂದ ಗ್ಯಾರೇಜಿಗೆ ತೆರೆಯುವ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು. ಆಮೇಲೆ ಎರಡೂ ಕೈಯಲ್ಲಿ ಶಟರಿಗೆ ಜೋತುಬಿದ್ದು ಅದನ್ನು ಕೆಳಗೆಳೆದು ಬೀಗ ಜಡಿದಳು.

"ಅಮ್ಮ!" ಎಂದಳು ಮಗಳು.

"ಸುಮ್ನಿರು."

ಶಟರಿನ ಪಕ್ಕ ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಕೂತಳು. ಒಳಗಿನಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಬೈಗುಳ, ಗಾಜು ಒಡೆದದ್ದು. ಶಟರಿಗೆ ಯಾರೋ ಬಂದು ಅಪ್ಪಳಿಸಿದಾಗ ತಗಡು ಹೊರಕ್ಕೆ ಉಬ್ಬಿತು. ಎದುರು ಕ್ಷೌರದ ಅಂಗಡಿಯವನು ಕತ್ತರಿ ಹಿಡಿದೇ ಓಡಿಬಂದ. ಹಿಂದೆಯೇ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿ.

"ತೆಗೀರಮ್ಮ! ಕೊಂದುಕೊಳ್ತಾರೆ!"

"ಮೂವತ್ತಮೂರು ವರ್ಷ ನಾನು ಮಧ್ಯೆ ನಿಂತಿದ್ದೆ," ಎಂದಳು ತಾಯಿ. ಹಲ್ಲು ಹೋದ ಬಾಯಿಂದ ಮಾತು ಸಿಳ್ಳೆ ಹೊಡೆಯುತ್ತಿತ್ತು. "ಇವತ್ತು ಮಧ್ಯೆ ಯಾರೂ ಇಲ್ಲ. ಎಷ್ಟು ಹೊಡ್ಕೋಬೇಕೋ ಹೊಡ್ಕೊಳ್ಳಲಿ."

ಹತ್ತು ನಿಮಿಷವಾಗಿರಬಹುದು. ಸದ್ದು ಕಡಿಮೆಯಾಯಿತು, ನಿಂತಿತು. ಸೊಸೆ ಶಟರಿಗೆ ಕಿವಿಯಿಟ್ಟಳು. ಒಳಗೆ ಯಾರೋ ಅಳುತ್ತಿದ್ದರು.

"ಅಮ್ಮ," ಎಂದ ಮಗ ಒಳಗಿನಿಂದ. "ಅಮ್ಮ, ಅಪ್ಪನ ಕೈ ಮುರಿದುಹೋಗಿದೆ."

"ಯಾವ ಕೈ?"

"ಎಡಗೈ."

"ಬಲಗೈ ಸರಿಯಾಗಿದೆ ತಾನೆ?"

"ಸರಿಯಾಗಿದೆ."

ತಾಯಿ ಎದ್ದಳು. ಬೀಗದ ಕೈಯನ್ನು ಕ್ಷೌರದವನ ಅಂಗೈಗೆ ಇಟ್ಟಳು. "ತೆಗೆದು ಇಬ್ಬರನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಣ್ಣ. ನಾವು ಹೊರಟ್ವಿ." ಮಗಳ ಕಡೆ ತಿರುಗಿದಳು. "ನಿನ್ನ ಶಾಪಿನ ಹಿಂದೆ ಎರಡು ಕೋಣೆ ಖಾಲಿ ಇದೆ ಅಂದಿದ್ದೆಯಲ್ಲ, ಕಾರು ತೆಗಿ."

ಕೀ ಕಾರಿನಲ್ಲೇ ಇತ್ತು. ಮೂವರೂ ಹತ್ತಿದರು. ಸೊಸೆ ಮೇಲಿನಿಂದ ಏನನ್ನೂ ತರಲಿಲ್ಲ. ಆ ಮನೆಯ ಒಲೆ ಉರಿಯುತ್ತಲೇ ಇತ್ತು. ಅದನ್ನು ಆರಿಸಿ ಬರುವಂತೆ ಕ್ಷೌರದವನಿಗೆ ಕಿಟಕಿಯಿಂದಲೇ ಕೂಗಿ ಹೇಳಿದಳು ತಾಯಿ.

ಎರಡು ಕೋಣೆ, ಒಂದು ನಲ್ಲಿ, ಗೋಡೆಯಾಚೆ ದಿನವಿಡೀ ಲೇತ್ ಸದ್ದು. ಮೊದಲ ವಾರ ತಾಯಿ ಗಂಜಿಯೊಂದನ್ನೇ ಕುಡಿದಳು. ಮಗಳು ಸಂಜೆಗಳಲ್ಲಿ ಕಾರಿನ ಅಡಿಗೆ ಮಲಗಿ ಬ್ರೇಕು ಪೂರ್ತಿ ಬದಲಾಯಿಸಿದಳು. ಟರ್ಬೊ ಕಡ್ಡಿ ಸಡಿಲಿಸಿ ಒತ್ತಡವನ್ನು ಆರಕ್ಕೆ ಇಳಿಸಿದಳು. ಗಣಿಯವರನ್ನು ಪಾಳಿ ಬಿಟ್ಟ ಮೇಲೆ ಮನೆ ಮುಟ್ಟಿಸುವ ಕೆಲಸ ಅವಳಿಗೆ ಸಿಕ್ಕಿತು. ಸೊಸೆ ಅದೇ ಕಾರಿನಲ್ಲಿ ಕನ್ನಡಕದ ಅಂಗಡಿಗೆ ಇಳಿದು ಹತ್ತಿ ಮಾಡಿದಳು.

ಆಸ್ಪತ್ರೆಯ ಕೆಲಸ ಟೈರ್ ಸಾಹುಕಾರನಿಗೆ ಸಿಕ್ಕಿತ್ತು. ಕಾರು ಓಡಿಸಲು ಅವನು ಇಟ್ಟುಕೊಂಡದ್ದು ತಂಗಿಯ ಗಂಡನನ್ನೇ. ಪಕ್ಕೆಗೆ ಪಟ್ಟಿ ಸುತ್ತಿಕೊಂಡೇ ಮಗ ಆ ವೇಗದ ಕಾರಿನಲ್ಲಿ ಗುಡ್ಡ ಹತ್ತಿ ಇಳಿದ. ಮೂರನೇ ವಾರ ಬಂಪರಿಗೆ ಒಂದು ಗೀರು ಬಿತ್ತೆಂದು ಭಾವ ಅಂಗಡಿಯ ಆಳುಗಳೆದುರೇ ಅವನ ಕೆನ್ನೆಗೆ ಬಾರಿಸಿದ. ಮಗ ಅಲ್ಲಿಂದ ನೇರ ಲೇತ್ ಶಾಪಿನ ಹಿಂದಕ್ಕೆ ಬಂದು ಕಿಟಕಿ ತಟ್ಟಿದ.

"ಬಾ, ಬೇರೆ ಮನೆ ಮಾಡೋಣ," ಎಂದ ಹೆಂಡತಿಗೆ.

"ಕೆನ್ನೆ ಊದಿದೆ," ಎಂದಳು ಅವಳು.

"ನಿಮ್ಮಣ್ಣ."

"ವಾಪಸ್ ಕೊಟ್ರಾ?"

ಅವನು ಊದಿದ ಕೆನ್ನೆ ಸವರಿಕೊಂಡ.

"ನಾನು ಈಗ ಬಂದ್ರೆ ಆ ಏಟು ನನಗೇ ಬರುತ್ತೆ, ಗೊತ್ತು," ಎಂದಳು ಸೊಸೆ. ಅವನಿಗೆ ಒಂದು ಲೋಟ ಚಹಾ ಕೊಟ್ಟಳು, ಕಿಟಕಿಯಿಂದಲೇ. ಕುಡಿದು ಲೋಟ ಕಟ್ಟೆಯ ಮೇಲಿಟ್ಟು ಅವನು ಹೋದ.

ಐದನೇ ವಾರ ಮೇಸ್ತ್ರಿ ಬಂದ. ಗಣಿಯ ಬಸ್ಸಿಳಿದು, ಎಡಗೈಯ ಪ್ಲಾಸ್ಟರನ್ನು ಕುತ್ತಿಗೆಗೆ ತೂಗುಹಾಕಿಕೊಂಡು, ಸೊಟ್ಟಗಾದ ಮೂಗಿನೊಂದಿಗೆ ಬಾಗಿಲ ಮುಂದೆ ನಿಂತ. ತೆಳ್ಳಗಾಗಿದ್ದ. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು.

"ಕಾರು ನನ್ನದು," ಎಂದ.

ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದ ತಾಯಿ ಏಳಲಿಲ್ಲ. "ಕೊಟ್ಟುಬಿಡು," ಎಂದಳು ಮಗಳಿಗೆ. "ಅವರದು ಅವರಿಗೆ. ಪಾಳಿ ಕೆಲಸಕ್ಕೆ ಬೇರೆ ಏನಾದ್ರೂ ನೋಡೋಣ."

"ನೀನು?" ಎಂದು ಮೇಸ್ತ್ರಿ ಒಳಗೆ ಇಣುಕಿ ಕೇಳಿದ.

"ನಾನು ಕಾರಲ್ಲ," ಎಂದಳು ತಾಯಿ. ಸುಲಿಯುವುದನ್ನು ನಿಲ್ಲಿಸಲಿಲ್ಲ.

ಮಗಳು ಕೀ ತೆಗೆದುಕೊಂಡು ಹೊರಗೆ ಬಂದಳು. "ಎಡಗೈ ಇಲ್ಲದೆ ಗೇರ್ ಹೇಗೆ ಹಾಕ್ತೀರಿ? ಕೂತ್ಕೊಳ್ಳಿ. ಕೆಳಗೆ ಬಿಟ್ಟು ಬಸ್ಸಲ್ಲಿ ವಾಪಸ್ ಬರ್ತೀನಿ."

ಮಧ್ಯಾಹ್ನದ ಬಿಸಿಲು. ರಸ್ತೆ ಖಾಲಿ. ಅವಳು ಎರಡನೇ ಗೇರಿನಲ್ಲಿ, ಬ್ರೇಕನ್ನು ಮುಟ್ಟಿಯೂ ಮುಟ್ಟದ ಹಾಗೆ, ಕಾರನ್ನು ಇಳಿಸಿದಳು. ಮೇಸ್ತ್ರಿ ಕಿವಿಗೊಟ್ಟು ಕೇಳುತ್ತಿದ್ದ.

"ಬ್ರೇಕ್ ಯಾರು ಮಾಡಿದ್ದು?"

"ನಾನು."

"ಒತ್ತಡ ಇಳಿಸಿದೀಯ."

"ಆರು."

"ಹತ್ತು ತಡೀತಿತ್ತು."

ಐದನೇ ತಿರುವು ಬಂತು. ಎದುರಿನಿಂದ ಲಾರಿಯ ಸದ್ದು ಕೇಳಿ ಅವಳು ಮೊದಲನೇ ಗೇರಿಗೆ ಇಳಿಸಿದಳು. ಎಂಜಿನ್ನು ಜೋರಾಗಿ ಗೊಣಗಿತು.

"ಏಯ್, ಎಂಜಿನ್ನು..." ಎನ್ನುತ್ತಲೇ ಮೇಸ್ತ್ರಿಯ ಬಲಗೈ ಮೇಲೆದ್ದಿತು.

ಅವಳು ಕಾರನ್ನು ಗುಡ್ಡದ ಮಗ್ಗುಲಿಗೆ ತಂದು ನಿಲ್ಲಿಸಿದಳು. ಹ್ಯಾಂಡ್ ಬ್ರೇಕ್ ಎಳೆದಳು. ಎಂಜಿನ್ ಆರಿಸಿದಳು. ಲಾರಿ ಧೂಳೆಬ್ಬಿಸಿ ದಾಟಿಹೋಯಿತು. ಎತ್ತಿದ ಕೈ ಇನ್ನೂ ಅವರಿಬ್ಬರ ನಡುವೆಯೇ ಇತ್ತು. ಅವಳು ಅದನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಹಿಂದೆ ಸರಿಯಲಿಲ್ಲ.

"ಆ ಕೈ ತೊಡೆ ಕೆಳಗೆ ಇಟ್ಕೊಳ್ಳಿ," ಎಂದಳು.

"ಏನಂದೆ?"

"ತೊಡೆ ಕೆಳಗೆ ಇಟ್ಕೊಂಡು, ಅದರ ಮೇಲೆ ಕೂತ್ಕೊಳ್ಳಿ. ಆಮೇಲೆ ಹೊರಡೋಣ. ಇಲ್ಲ ಅಂದ್ರೆ ಇಳೀರಿ. ಇಲ್ಲಿಂದ ಕೆಳಗೆ ಏಳು ತಿರುವಿದೆ, ನಡೆದರೆ ಎರಡು ಗಂಟೆ."

ಮೇಸ್ತ್ರಿಯ ದವಡೆ ಅಲುಗಿತು. ಬಾಗಿಲ ಕಡೆ ನೋಡಿದ. ಬಿಸಿಲಿಗೆ ಡಾಂಬರು ಹೊಳೆಯುತ್ತಿತ್ತು. ಎಂಜಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು, ಎದುರಿನ ತಿರುವನ್ನೇ ನೋಡುತ್ತ ಕಾದಳು. ಅವಳಿಗೇನೂ ಅವಸರವಿರಲಿಲ್ಲ.

ಮುದುಕ ಒಂದು ಕಡೆಗೆ ವಾಲಿದ. ಬಲಗೈಯನ್ನು ಮೆಲ್ಲಗೆ ತೊಡೆಯ ಅಡಿಗೆ ತುರುಕಿ ಅದರ ಮೇಲೆ ಕೂತ.

ಅವಳು ಕೀ ತಿರುಗಿಸಿದಳು.